ದ್ವೀಪಕ್ಕೆ ಹೊರಟಿದ್ದೀರಾ? ಬ್ಯಾಗ್ ತುಂಬುವಾಗ ಬಟ್ಟೆ ಕೊನೆಗಿರಲಿ

ದ್ವೀಪಕ್ಕೆ ಹೋಗಿ ಬಂದವರ ದೂರುಗಳು ಹೆಚ್ಚೂಕಡಿಮೆ ಒಂದೇ ಥರ ಇರುತ್ತವೆ. ಅರ್ಧ ಬಟ್ಟೆ ಮಡಚಿದ ಹಾಗೇ ವಾಪಸ್ ಬಂತು. ಇದ್ದ ಎರಡು ಚಡ್ಡಿ ಒಣಗಲೇ ಇಲ್ಲ. ಮೊದಲ ದಿನವೇ ಹೆಗಲು ಸುಟ್ಟುಕೊಂಡು ಉಳಿದ ದಿನ ರೂಮಿನಲ್ಲೇ ಕೂರಬೇಕಾಯಿತು. ಟ್ರಾಲಿ ಬ್ಯಾಗಿನ ಚಕ್ರ ಮರಳಿನಲ್ಲಿ ಹೂತು, ಅದನ್ನು ಹೊತ್ತುಕೊಂಡೇ ನಡೆಯಬೇಕಾಯಿತು.

ಪಟ್ಟಿ ನೋಡಿ ಪ್ಯಾಕ್ ಮಾಡಿದವರಿಗೂ ಹೀಗೇ ಆಗುತ್ತದೆ. ಯಾಕೆಂದರೆ ಎಲ್ಲರೂ ಬಟ್ಟೆಯಿಂದ ಶುರು ಮಾಡುತ್ತಾರೆ. ಬ್ಯಾಗ್ ತುಂಬಿದ ಮೇಲೆ ಉಳಿದ ಸಂದಿಗೊಂದಿಗಳಲ್ಲಿ ಔಷಧಿ, ಸನ್‌ಸ್ಕ್ರೀನ್, ಚಾರ್ಜರ್ ತುರುಕುತ್ತಾರೆ. ದ್ವೀಪದ ಪ್ರವಾಸಕ್ಕೆ ಈ ಕ್ರಮ ಪೂರ್ತಿ ತಲೆಕೆಳಗಾಗಬೇಕು. ಮೊದಲು ದಾರಿ ಮತ್ತು ತೂಕ, ಆಮೇಲೆ ಅಲ್ಲಿ ಸಿಗದ ಸಾಮಾನು, ಆಮೇಲೆ ಬಿಸಿಲು ಮತ್ತು ಕಾಲು, ಕೊನೆಗೆ ಬಟ್ಟೆ.

ನಾಲ್ಕೈದು ದಿನ, ಬೆಚ್ಚನೆಯ ಸಮುದ್ರ, ಆರಾಮಾದ ರಜೆ ಎಂದುಕೊಂಡು ಇದನ್ನು ಬರೆದಿದ್ದೇನೆ. 10 ದಿನಕ್ಕೂ ಇದೇ ಬ್ಯಾಗ್ ಸಾಕು. ಒಗೆಯುವ ಕೆಲಸ ಮಾತ್ರ ಜಾಸ್ತಿ.

## ಮೊದಲು ಕೈಗೆ ಬೇಕಾದ ಸಲಕರಣೆ

ಇವನ್ನು ಹೊರಡುವ ವಾರ ಮೊದಲೇ ತಂದಿಟ್ಟುಕೊಳ್ಳಿ. ಹಿಂದಿನ ರಾತ್ರಿ ಹುಡುಕಿದರೆ ಸಿಗುವುದಿಲ್ಲ.

- ಬ್ಯಾಗ್ ತೂಗುವ ಸಣ್ಣ ಕೈತಕ್ಕಡಿ. ಇಲ್ಲದಿದ್ದರೆ ಮನೆಯ ತೂಕದ ಯಂತ್ರದ ಮೇಲೆ ಬ್ಯಾಗ್ ಹೊತ್ತು ನಿಂತು, ನಿಮ್ಮ ತೂಕ ಕಳೆಯಿರಿ.
- 10 ಲೀಟರಿನ ಒಂದು ಡ್ರೈ ಬ್ಯಾಗ್, ಅಂದರೆ ಬಾಯಿ ಸುತ್ತಿ ಕ್ಲಿಪ್ ಹಾಕುವ ನೀರು ತಡೆಯುವ ಚೀಲ.
- ಗಟ್ಟಿಯಾದ ಜಿಪ್ ಕವರ್‌ಗಳು, ಚಿಕ್ಕವು ದೊಡ್ಡವು ಸೇರಿ ಏಳೆಂಟು.
- ಮೂರು ನಾಲ್ಕು ಮೀಟರ್ ತೆಳು ನೈಲಾನ್ ಹಗ್ಗ, ಆರು ಪ್ಲಾಸ್ಟಿಕ್ ಕ್ಲಿಪ್.
- ಒಗೆಯುವ ಸಾಬೂನಿನ ಒಂದು ತುಂಡು.

ಹಗ್ಗ ಮತ್ತು ಕ್ಲಿಪ್ ಕಂಡು ನಗುವವರಿದ್ದಾರೆ. ಸಮುದ್ರದ ಗಾಳಿಗೆ ಬಾಲ್ಕನಿಯ ಕಟ್ಟೆ ಮೇಲೆ ಹರವಿದ ಟವೆಲ್ ಹಾರಿ ಹೋದಾಗ ಅವರೇ ಬಂದು ಕ್ಲಿಪ್ ಕೇಳುತ್ತಾರೆ.

## ಹಂತ 1: ಕೊನೆಯ ತುಂಡು ದಾರಿ ನೋಡಿ, ಆಮೇಲೆ ಬ್ಯಾಗ್ ಆರಿಸಿ

ದೊಡ್ಡ ವಿಮಾನದ ತೂಕದ ಮಿತಿಯನ್ನು ಎಲ್ಲರೂ ನೋಡುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಅದರ ನಂತರದ ದಾರಿ. ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೇಗೆ? ದೋಣಿಯಿಂದ ರೂಮಿಗೆ ಹೇಗೆ? ಸಣ್ಣ ವಿಮಾನ ಮತ್ತು ನೀರಿನ ಮೇಲೆ ಇಳಿಯುವ ಸೀಪ್ಲೇನ್‌ಗಳಲ್ಲಿ ಮಿತಿ ಬಿಗಿಯಾಗಿರುತ್ತದೆ. ಮಾಲ್ದೀವ್ಸ್‌ನ ಸೀಪ್ಲೇನ್‌ಗಳಲ್ಲಿ ಸಾಮಾನ್ಯವಾಗಿ ಒಬ್ಬರಿಗೆ 20 ಕೆಜಿ ಲಗೇಜ್, 5 ಕೆಜಿ ಕೈಚೀಲ, ಅಷ್ಟೇ. ದೊಡ್ಡ ವಿಮಾನದವರು 30 ಕೆಜಿ ಬಿಟ್ಟರೆಂದು ತುಂಬಿಕೊಂಡು ಹೋದರೆ ಇಲ್ಲಿ ಹೆಚ್ಚಿಗೆ ದುಡ್ಡು ಕಟ್ಟಬೇಕಾಗುತ್ತದೆ.

ಇನ್ನು ದೋಣಿ. ಜೆಟ್ಟಿ ಇಲ್ಲದ ಕಡೆ ದೋಣಿ ದಡಕ್ಕೆ ತಾಗುವುದಿಲ್ಲ, ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತದೆ. ಒಂದು ಕೈ ದೋಣಿಯ ಅಂಚಿನ ಮೇಲೆ, ಒಂದು ಕಾಲು ಆಗಲೇ ನೀರಿನಲ್ಲಿ. ಅಷ್ಟರಲ್ಲಿ ಅಲೆ ಬಂದು ದೋಣಿ ಒಂದು ಗೇಣು ಮೇಲೆದ್ದಿರುತ್ತದೆ. ಆ ಹೊತ್ತಿಗೆ ಬ್ಯಾಗ್ ಬೆನ್ನ ಮೇಲಿದ್ದರೆ ಬಚಾವು. ಕೈಯಲ್ಲಿ ಹಿಡಿದ ಟ್ರಾಲಿಯಾಗಿದ್ದರೆ ಒಂದೋ ಅದು ನೀರಿಗೆ, ಇಲ್ಲವೇ ನೀವು.

ಹಾಗಾಗಿ 35ರಿಂದ 40 ಲೀಟರಿನ ಬೆನ್ನ ಚೀಲ ಸಾಕು. ತುಂಬಿದ ಮೇಲೆ 10 ಕೆಜಿ ದಾಟಬಾರದು. ದೋಣಿಯಿಂದ ಗಟ್ಟಿ ಜೆಟ್ಟಿಗೆ ಇಳಿದು, ಅಲ್ಲಿಂದ ಗಾಡಿಯಲ್ಲಿ ಹೋಟೆಲ್ ಬಾಗಿಲಿಗೇ ಹೋಗುವುದಾದರೆ ಮಾತ್ರ ಟ್ರಾಲಿ ಒಯ್ಯಿರಿ.

ಪರೀಕ್ಷೆ: ತುಂಬಿದ ಬ್ಯಾಗ್ ಬೆನ್ನಿಗೆ ಹಾಕಿಕೊಂಡು, ಎರಡೂ ಕೈ ಖಾಲಿ ಬಿಟ್ಟು, ಎರಡು ಮಹಡಿ ಮೆಟ್ಟಿಲು ಹತ್ತಿ ಇಳಿಯಿರಿ. ನಡುವೆ ಕೆಳಗಿಡಬೇಕು ಅನ್ನಿಸಿದರೆ ಸಾಮಾನು ಕಡಿಮೆ ಮಾಡಬೇಕು. ಜಿಪ್ ಎಳೆಯಲು ಬ್ಯಾಗಿನ ಮೇಲೆ ಮೊಣಕಾಲೂರಬೇಕಾದರೆ ಅದೂ ಅಪಾಯದ ಗಂಟೆಯೇ. ವಾಪಸ್ ಬರುವಾಗ ಒದ್ದೆ ಬಟ್ಟೆ ಇನ್ನೂ ಹೆಚ್ಚು ಜಾಗ ಕೇಳುತ್ತದೆ.

## ಹಂತ 2: ಆ ದ್ವೀಪ ಯಾವುದನ್ನು ಒಳಗೆ ಬಿಡುವುದಿಲ್ಲ, ನೋಡಿಕೊಳ್ಳಿ

ಕೊಂಡ ಮೇಲೆ ಗೊತ್ತಾದರೆ ದುಡ್ಡು ದಂಡ, ಆದ್ದರಿಂದ ಈ ಹಂತ ಖರೀದಿಗಿಂತ ಮೊದಲು.

ಸನ್‌ಸ್ಕ್ರೀನ್‌ಗೇ ಕಾನೂನು ಇರುವ ದ್ವೀಪಗಳಿವೆ. ಹವಾಯಿಯಲ್ಲಿ 2021ರ ಜನವರಿ 1ರಿಂದ ಆಕ್ಸಿಬೆಂಜೋನ್ ಮತ್ತು ಆಕ್ಟಿನೊಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳನ್ನು ಮಾರುವಂತಿಲ್ಲ. ಪೆಸಿಫಿಕ್ ಸಾಗರದ ಪುಟ್ಟ ದೇಶ ಪಲಾವುವಿನಲ್ಲಿ 2020ರ ಜನವರಿ 1ರಿಂದ ಹವಳಕ್ಕೆ ಹಾನಿ ಮಾಡುವ ರಾಸಾಯನಿಕಗಳ ದೊಡ್ಡ ಪಟ್ಟಿಯೇ ಜಾರಿಯಲ್ಲಿದೆ. ಅಂಥ ಬಾಟಲಿ ಒಯ್ದರೆ ಕಿತ್ತಿಟ್ಟುಕೊಳ್ಳುತ್ತಾರೆ. ಟ್ಯೂಬಿನ ಹಿಂದೆ ಜಿಂಕ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಮಾತ್ರ ಬಿಸಿಲು ತಡೆಯುವ ಅಂಶ ಎಂದಿದ್ದರೆ ಹೆಚ್ಚಿನ ಕಡೆ ತಕರಾರಿಲ್ಲ. ಮುಂದೆ ದಪ್ಪಕ್ಷರದಲ್ಲಿ ‘ಹವಳಕ್ಕೆ ಸುರಕ್ಷಿತ’ ಎಂದು ಬರೆದಿರುವುದನ್ನು ನಂಬಬೇಡಿ. ಹಿಂದಿನ ಸಣ್ಣಕ್ಷರ ಓದಿ.

ಬಟ್ಟೆಗೂ ನಿಯಮವಿದೆ. ಬಾರ್ಬಡೋಸ್ ಮತ್ತು ಜಮೈಕಾದಲ್ಲಿ ಸೈನಿಕರ ಮಾದರಿಯ ಹಸಿರು ಚುಕ್ಕೆಯ ಬಟ್ಟೆಯನ್ನು ಜನಸಾಮಾನ್ಯರು ಹಾಕುವಂತಿಲ್ಲ. ಮಕ್ಕಳ ಚಡ್ಡಿ, ಟೋಪಿಗೂ ಇದು ಅನ್ವಯಿಸುತ್ತದೆ. ಮಾಲ್ದೀವ್ಸ್‌ನಲ್ಲಿ ರೆಸಾರ್ಟ್ ದ್ವೀಪಗಳಲ್ಲಿ ಬಿಕಿನಿಗೆ ಅಡ್ಡಿಯಿಲ್ಲ. ಊರಿನವರು ವಾಸಿಸುವ ದ್ವೀಪಗಳಲ್ಲಿ ಅದಕ್ಕೆಂದೇ ಬಿಟ್ಟಿರುವ ಬೀಚಿನಲ್ಲಿ ಮಾತ್ರ ಹಾಕಬಹುದು, ಉಳಿದ ಕಡೆ ಹೆಗಲು, ತೊಡೆ ಮುಚ್ಚಿರಬೇಕು. ಮದ್ಯವನ್ನು ದೇಶದೊಳಕ್ಕೆ ಒಯ್ಯುವಂತೆಯೇ ಇಲ್ಲ.

ವಿಮಾನದ ನಿಯಮ ಎರಡನ್ನು ನೆನಪಿಡಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಲಗೇಜಿಗೆ ಹಾಕುವಂತಿಲ್ಲ. ಸಾಮಾನ್ಯ ಮಿತಿ 100 ವಾಟ್‌ಅವರ್. 20,000 ಎಂಎಎಚ್‌ನದು ಸುಮಾರು 74 ವಾಟ್‌ಅವರ್ ಆಗುತ್ತದೆ, ಚಿಂತೆಯಿಲ್ಲ. ಎರಡನೆಯದು, ಹೆಚ್ಚಿನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಕೈಚೀಲದ ದ್ರವದ ಬಾಟಲಿ 100 ಮಿಲಿ ಮೀರುವಂತಿಲ್ಲ. 200 ಮಿಲಿಯ ಸನ್‌ಸ್ಕ್ರೀನ್ ಅರ್ಧ ಖಾಲಿಯಾಗಿದ್ದರೂ ಬಿಡುವುದಿಲ್ಲ. ಅವರು ನೋಡುವುದು ಬಾಟಲಿಯ ಅಳತೆ.

## ಹಂತ 3: ಅಲ್ಲಿ ಸಿಗದೆ ಇದ್ದರೆ ಪರದಾಡುವ ಸಾಮಾನು

ಸಣ್ಣ ದ್ವೀಪದ ಅಂಗಡಿಗೆ ಸರಕು ಬರುವುದು ದೋಣಿಯಲ್ಲಿ. ಸಮುದ್ರ ಕೆಟ್ಟರೆ ದೋಣಿ ಬರುವುದಿಲ್ಲ. ಹಾಗಾಗಿ ಟೀ ಶರ್ಟ್ ಮರೆತರೆ ಪರವಾಗಿಲ್ಲ, ಅದು ಎಲ್ಲ ಅಂಗಡಿಯಲ್ಲೂ ನೇತಾಡುತ್ತಿರುತ್ತದೆ. ಕೆಳಗಿನವು ಮರೆತರೆ ಕಷ್ಟ.

ದಿನಾ ತಗೊಳ್ಳುವ ಮಾತ್ರೆ ಇದ್ದರೆ ಪ್ರವಾಸದ ದಿನಗಳಿಗಿಂತ ಮೂರು ದಿನದ್ದು ಹೆಚ್ಚಿಗೆ ಇಟ್ಟುಕೊಳ್ಳಿ, ಡಾಕ್ಟರ ಚೀಟಿಯೂ ಜೊತೆಗಿರಲಿ. ಇವೆಲ್ಲ ಕೈಚೀಲದಲ್ಲೇ. ಲಗೇಜಿಗೆ ಹಾಕಿದ ಔಷಧಿ ಲಗೇಜಿನ ಜೊತೆಗೇ ಕಾಣೆಯಾಗುತ್ತದೆ ಅಲ್ವಾ?

ಉಳಿದ ಔಷಧಿ ಕಿಟ್ ಚಿಕ್ಕದಿದ್ದರೆ ಸಾಕು: ಜ್ವರ ನೋವಿನ ಮಾತ್ರೆ, ಓಆರ್‌ಎಸ್ ನಾಲ್ಕು ಪೊಟ್ಟಣ, ಗಾಯ ತೊಳೆಯುವ ಆಂಟಿಸೆಪ್ಟಿಕ್, ನೀರು ತಾಗಿದರೂ ಬಿಡದ ಬ್ಯಾಂಡೇಜ್, ಕಾಲಿಗೆ ಚುಚ್ಚಿದ ಮುಳ್ಳು ತೆಗೆಯಲು ಚಿಮುಟ, ದೋಣಿಯಲ್ಲಿ ವಾಂತಿ ಬರುವವರಿಗೆ ಅದರ ಮಾತ್ರೆ. ಈ ಕೊನೆಯದನ್ನು ದೋಣಿ ಹತ್ತುವ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ತಲೆ ಸುತ್ತಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ಉಳಿಯುವುದೇ ಅನುಮಾನ. ಮಂಪರು ತರಿಸುವ ಮಾತ್ರೆಗಳಿವೆ, ಡಾಕ್ಟರನ್ನೋ ಔಷಧಿ ಅಂಗಡಿಯವರನ್ನೋ ಕೇಳಿಕೊಳ್ಳಿ.

ಕನ್ನಡಕ ಹಾಕುವವರು ಇನ್ನೊಂದು ಜೊತೆ ಒಯ್ಯಲೇಬೇಕು. ಅಲೆ ಒಮ್ಮೆ ಕಿತ್ತುಕೊಂಡ ಕನ್ನಡಕ ಮತ್ತೆ ಸಿಗುವುದಿಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಈಜಬೇಡಿ, ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಲೆನ್ಸಿನಡಿ ಸೇರಿ ಕಣ್ಣಿಗೆ ಸೋಂಕು ತರುತ್ತವೆ. ಮುಟ್ಟಿನ ಪ್ಯಾಡ್ ಅಥವಾ ಕಪ್ ಈ ವಾರಕ್ಕೆ ಬೇಕಿಲ್ಲ ಎಂಬ ಲೆಕ್ಕ ಹಾಕಬೇಡಿ, ಒಯ್ಯಿರಿ. ಪ್ರಯಾಣದಲ್ಲಿ ದಿನ ಏರುಪೇರಾಗುವುದು ಮಾಮೂಲಿ.

ನಗದು ಚಿಲ್ಲರೆ ನೋಟುಗಳಲ್ಲಿರಲಿ. ಕಾರ್ಡ್ ಯಂತ್ರಕ್ಕೆ ನೆಟ್‌ವರ್ಕ್ ಬೇಕು, ಎಟಿಎಂನಲ್ಲಿ ಹಣ ಇರಬೇಕು, ಸಣ್ಣ ದ್ವೀಪದಲ್ಲಿ ಎರಡೂ ಗ್ಯಾರಂಟಿ ಇಲ್ಲ. ಅಲ್ಲಿನ ಪ್ಲಗ್ಗಿಗೆ ಹೊಂದುವ ಅಡಾಪ್ಟರ್, ತಲೆಗೆ ಕಟ್ಟುವ ಟಾರ್ಚ್ ಕೂಡ ಇದೇ ಗುಂಪಿಗೆ. ರಾತ್ರಿ ಬೀಚಿನಿಂದ ರೂಮಿಗೆ ನಡೆಯುವ ದಾರಿಯಲ್ಲಿ ದೀಪ ಇರುತ್ತದೆ ಎಂದುಕೊಳ್ಳಬೇಡಿ.

## ಹಂತ 4: ಬಿಸಿಲು. ರಜೆ ಹಾಳಾಗುವುದು ಹೆಚ್ಚಾಗಿ ಇಲ್ಲೇ

ನೆರಳಲ್ಲಿದ್ದೆ, ಮೋಡ ಇತ್ತು, ನೀರಲ್ಲಿದ್ದೆ ಎಂದು ಹೇಳುವವರೇ ಹೆಚ್ಚು ಸುಟ್ಟುಕೊಳ್ಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಒಣ ಮರಳು ಸುಮಾರು 15% ಅತಿನೇರಳೆ ಕಿರಣವನ್ನು ವಾಪಸ್ ಎರಚುತ್ತದೆ, ಅಲೆಯ ನೊರೆ ಸುಮಾರು 25%. ಅರ್ಧ ಮೀಟರ್ ನೀರಿನಡಿಯಲ್ಲೂ ಮೇಲಿನ ಕಿರಣದ 40% ಇರುತ್ತದೆ. ಕೊಡೆಯ ಕೆಳಗೆ ಕೂತವರ ಗದ್ದದ ಅಡಿ, ಮೂಗಿನ ಕೆಳಗೆ ಕೆಂಪಾಗುವುದು ಇದರಿಂದಲೇ. ಮೈಬಣ್ಣ ಕಪ್ಪಿದ್ದರೆ ಸುಡುವುದಿಲ್ಲ ಎಂಬ ಭಂಡಧೈರ್ಯವೂ ಬೇಡ. ಸುಡುವುದು ತಡವಾಗಬಹುದು, ಅಷ್ಟೇ.

ಮೊದಲು ಮುಚ್ಚಿ, ಆಮೇಲೆ ಬಳಿಯಿರಿ. ತುಂಬು ತೋಳಿನ ರ‍್ಯಾಶ್ ಗಾರ್ಡ್ ಒಂದು ಕೊಳ್ಳಿ. ಈಜುವಾಗ ಹಾಕುವ, ಮೈಗಂಟುವ, ಬೇಗ ಒಣಗುವ ಟೀ ಶರ್ಟ್ ಇದು. ಮೇಲೆ ಯುಪಿಎಫ್ 50 ಎಂದಿದ್ದರೆ ಐವತ್ತರಲ್ಲಿ ಒಂದು ಭಾಗ ಕಿರಣ ಮಾತ್ರ ಒಳಗೆ ಬರುತ್ತದೆ ಎಂದರ್ಥ. ತೆಳು ಬಿಳಿ ಕಾಟನ್ ಟೀ ಶರ್ಟ್ ಈ ಕೆಲಸಕ್ಕಾಗುವುದಿಲ್ಲ, ಒದ್ದೆಯಾದ ಮೇಲಂತೂ ಅದರ ತಡೆ ಇನ್ನೂ ಕಡಿಮೆ. ಬೆನ್ನು ಮೇಲೆ ಮಾಡಿ ತೇಲುತ್ತಾ ಹವಳ, ಮೀನು ನೋಡುವವರಿಗೆ ಇದು ಬೇಕೇ ಬೇಕು. ಗಂಟೆಗಟ್ಟಲೆ ಬೆನ್ನು ಬಿಸಿಲಿಗಿರುತ್ತದೆ, ನೀರು ತಣ್ಣಗಿರುವುದರಿಂದ ಗೊತ್ತೇ ಆಗುವುದಿಲ್ಲ.

ಸನ್‌ಸ್ಕ್ರೀನ್ ಎಷ್ಟು ಬೇಕು? ಎಲ್ಲರೂ ತಪ್ಪುವುದು ಈ ಲೆಕ್ಕದಲ್ಲಿ. ವಯಸ್ಕರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕು. ಎರಡು ಗಂಟೆಗೊಮ್ಮೆ, ಈಜಿ ಮೈ ಒರೆಸಿಕೊಂಡ ಮೇಲೊಮ್ಮೆ ಮತ್ತೆ ಹಚ್ಚಬೇಕು. ಇಬ್ಬರು, ನಾಲ್ಕು ದಿನ, ದಿನಕ್ಕೆ ಎರಡೇ ಸಲ ಎಂದರೂ 480 ಮಿಲಿ ಆಯಿತು. ಜನ ಒಯ್ಯುವುದು 50 ಮಿಲಿಯ ಒಂದು ಟ್ಯೂಬ್! ರ‍್ಯಾಶ್ ಗಾರ್ಡ್ ಹಾಕಿದರೆ ಮುಂಡ ಮತ್ತು ತೋಳು ಮುಚ್ಚುತ್ತವೆ, ಈ ಲೆಕ್ಕ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬ್ಯಾಗಿನ ತೂಕವೂ ಇಳಿಯಿತು.

ಟ್ಯೂಬಿನ ಮೇಲೆ ಎಸ್‌ಪಿಎಫ್ 30 ಎಂದಿರುವ ಸನ್‌ಸ್ಕ್ರೀನ್ ಸರಿಯಾಗಿ ಹಚ್ಚಿದರೆ ಸುಡುವ ಕಿರಣದ ಸುಮಾರು 97% ತಡೆಯುತ್ತದೆ, 50 ಇದ್ದರೆ ಸುಮಾರು 98%. ಹೆಚ್ಚಿನ ಸಂಖ್ಯೆಗೆ ಹೆಚ್ಚು ದುಡ್ಡು ಕೊಟ್ಟು ಅರ್ಧ ಹಚ್ಚುವುದಕ್ಕಿಂತ 30ರದ್ದನ್ನೇ ಧಾರಾಳವಾಗಿ ಬಳಿಯಿರಿ. ಬಿಸಿಲಿಗಿಳಿಯುವ 15 ನಿಮಿಷ ಮೊದಲೇ ಆಗಿರಬೇಕು. ಮರೆಯುವ ಜಾಗಗಳು ಇವು: ಕಿವಿಯ ಮೇಲ್ತುದಿ, ಕುತ್ತಿಗೆಯ ಹಿಂಭಾಗ, ಪಾದದ ಮೇಲೆ, ಮೊಣಕಾಲಿನ ಹಿಂದೆ, ಬೈತಲೆ.

ಸೊಳ್ಳೆ ಔಷಧಿಯೂ ಇದ್ದರೆ ಸನ್‌ಸ್ಕ್ರೀನ್ ಮೊದಲು, ಅದು ಹೀರಿಕೊಂಡ ಮೇಲೆ ಸೊಳ್ಳೆಯದು. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಔಷಧಿ ಪ್ಲಾಸ್ಟಿಕ್ ಅನ್ನೂ ಹಿಗ್ಗುವ ಈಜುಡುಗೆಯ ಬಟ್ಟೆಯನ್ನೂ ಹಾಳು ಮಾಡುತ್ತದೆ. ಹಚ್ಚಿದ ಕೈಯಲ್ಲೇ ತಂಪು ಕನ್ನಡಕ ಮುಟ್ಟಬೇಡಿ.

ಟೋಪಿಗೆ ಗದ್ದದಡಿ ಕಟ್ಟುವ ದಾರ ಇರಬೇಕು. ದಾರವಿಲ್ಲದ ದೊಡ್ಡ ಅಂಚಿನ ಹುಲ್ಲಿನ ಟೋಪಿ ಫೋಟೋಗೆ ಚೆಂದ, ದೋಣಿ ಹೊರಟ ಮರುಕ್ಷಣ ಸಮುದ್ರದ ಪಾಲು. ತಂಪು ಕನ್ನಡಕಕ್ಕೂ ದಾರ ಕಟ್ಟಿ. ಪೋಲರೈಸ್ಡ್ ಗಾಜಿದ್ದರೆ ನೀರಿನ ಕುಕ್ಕು ಕಡಿಮೆಯಾಗಿ ತಳದ ಕಲ್ಲು ಕಾಣುತ್ತದೆ.

ಅಪಾಯದ ಲಕ್ಷಣ: ಸುಟ್ಟ ಚರ್ಮದಲ್ಲಿ ಬೊಬ್ಬೆ ಎದ್ದು ಚಳಿ, ಜ್ವರ, ವಾಕರಿಕೆ ಬಂದರೆ ಡಾಕ್ಟರನ್ನು ಕಾಣಿ. ಬೊಬ್ಬೆ ಒಡೆಯಬೇಡಿ. ಬಿಸಿಲಲ್ಲಿದ್ದವರು ಗೊಂದಲದ ಮಾತಾಡಿದರೆ, ಕುಸಿದು ಬಿದ್ದರೆ ಕಾಯುತ್ತಾ ಕೂರಬೇಡಿ. ನೆರಳಿಗೆ ಒಯ್ದು ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಸಾಗಿಸಿ.

## ಹಂತ 5: ಕಾಲಿಗೆ ಏನು

ಮೂರು ಜೊತೆಗಿಂತ ಹೆಚ್ಚು ಬೇಡ, ಎರಡಾದರೆ ಇನ್ನೂ ಒಳ್ಳೆಯದು.

ಒಂದು, ಹಿಮ್ಮಡಿಗೆ ಪಟ್ಟಿ ಇರುವ ರಬ್ಬರ್ ಅಥವಾ ನೈಲಾನ್ ಸ್ಯಾಂಡಲ್. ದೋಣಿ, ನಡಿಗೆ, ಊಟ ಎಲ್ಲಕ್ಕೂ ಆಗುತ್ತದೆ. ಎರಡು, ಸ್ನಾನಕ್ಕೆ, ರೂಮಿಗೆ ಹವಾಯಿ ಚಪ್ಪಲಿ. ಬರೀ ಇದನ್ನೇ ನಂಬಿಕೊಂಡರೆ ಮೊಣಕಾಲುದ್ದ ನೀರಿನಲ್ಲಿ ಒಂದು ಚಪ್ಪಲಿ ತೇಲಿ ಹೋಗುತ್ತದೆ. ಮೂರನೆಯದು, ತಳದಲ್ಲಿ ಕಲ್ಲು, ಹವಳ ಇರುವ ಕಡೆ ನೀರಿಗಿಳಿಯುವುದಾದರೆ, ನೀರಿನ ಶೂ. ಮುಳ್ಳುಚೆಂಡಿನಂಥ ಕಡಲಜೀವಿ ಕಲ್ಲಿನ ಸಂದಿಯಲ್ಲಿರುತ್ತದೆ, ಅದರ ಮುಳ್ಳು ಅಂಗಾಲಿಗೆ ಹೊಕ್ಕು ಒಳಗೇ ಮುರಿಯುತ್ತದೆ. ಶೂ ಇದೆ ಎಂದು ಹವಳದ ಮೇಲೆ ನಿಲ್ಲಬೇಡಿ, ಅದಕ್ಕೆ ಜೀವವಿದೆ. ಶೂ ಇರುವುದು ಕಾಲು ತಪ್ಪಿದಾಗಿನ ರಕ್ಷಣೆಗೆ.

ಹವಳ ತರಚಿದ ಗಾಯವನ್ನು ಹಗುರವಾಗಿ ತಗೊಳ್ಳಬೇಡಿ. ಅದರ ಸಣ್ಣ ಚೂರುಗಳು ಗಾಯದಲ್ಲಿ ಉಳಿದು ಕೀವಾಗುತ್ತದೆ. ಸಿಹಿನೀರು, ಸಾಬೂನಿನಲ್ಲಿ ಚೆನ್ನಾಗಿ ಉಜ್ಜಿ ತೊಳೆದು ಆಂಟಿಸೆಪ್ಟಿಕ್ ಹಚ್ಚಿ. ಮರುದಿನ ಕೆಂಪು ಹರಡುತ್ತಿದ್ದರೆ, ಮುಟ್ಟಿದರೆ ಬಿಸಿಯಾಗಿದ್ದರೆ ಡಾಕ್ಟರು ಬೇಕು.

ಹೊಸ ಸ್ಯಾಂಡಲ್ ಕೊಂಡಿದ್ದರೆ ಹೊರಡುವ ಮೊದಲು ಮನೆಯಲ್ಲಿ, ಬೀದಿಯಲ್ಲಿ ಹಾಕಿ ಓಡಾಡಿ. ಉಪ್ಪುನೀರು, ಮರಳು ಸೇರಿದರೆ ಹೊಸ ಪಟ್ಟಿ ಅರ್ಧ ದಿನದಲ್ಲಿ ಚರ್ಮ ಎಬ್ಬಿಸುತ್ತದೆ. ಚರ್ಮದ ಚಪ್ಪಲಿ ಮನೆಯಲ್ಲೇ ಇರಲಿ.

## ಹಂತ 6: ಈಗ ಬಟ್ಟೆ

ದ್ವೀಪದಲ್ಲಿ ಬಟ್ಟೆಯ ಯೋಗ್ಯತೆ ಅಳೆಯುವುದು ಒಂದೇ ಪ್ರಶ್ನೆಯಿಂದ: ರಾತ್ರಿ ಹಿಂಡಿ ಹಾಕಿದರೆ ಬೆಳಿಗ್ಗೆ ಹಾಕಿಕೊಳ್ಳಲು ಆಗುತ್ತದೆಯೇ? ಸಮುದ್ರದ ಗಾಳಿಯಲ್ಲಿ ತೇವ ಜಾಸ್ತಿ, ಒಣಗುವುದು ನಿಧಾನ. ಮನೆಯಲ್ಲಿ ಎರಡು ಗಂಟೆಯಲ್ಲಿ ಒಣಗುವುದು ಅಲ್ಲಿ ಅರ್ಧ ದಿನ ತಿನ್ನಬಹುದು.

ಒಣಗಿಸಿ ನೋಡುವ ಪರೀಕ್ಷೆ. ಒಯ್ಯಬೇಕೆಂದಿರುವ ಬಟ್ಟೆಗಳನ್ನು ಸಂಜೆ ನೀರಿನಲ್ಲಿ ಅದ್ದಿ. ಹಿಂಡಿ. ಫ್ಯಾನ್ ಹಾಕದೆ ಬಚ್ಚಲುಮನೆಯಲ್ಲೇ ತೂಗುಹಾಕಿ. ಬೆಳಿಗ್ಗೆ ಬಟ್ಟೆಯ ನಡುಭಾಗ ಮುಟ್ಟಬೇಡಿ, ಅದು ಒಣಗಿಯೇ ಇರುತ್ತದೆ. ಕಾಲರಿನ ಮಡಿಕೆ, ಕಂಕುಳಿನ ಹೊಲಿಗೆ, ಸೊಂಟದ ಇಲಾಸ್ಟಿಕ್, ಜೇಬಿನ ಒಳಬಟ್ಟೆ, ಇವನ್ನು ಬೆರಳ ನಡುವೆ ಹಿಚುಕಿ ನೋಡಿ. ತಣ್ಣಗಿದ್ದರೆ ಇನ್ನೂ ಒಣಗಿಲ್ಲ. ಎರಡು ಮೂರು ಬಟ್ಟೆ ಇಲ್ಲೇ ಉದುರಿಹೋಗುತ್ತವೆ, ಮೊದಲನೆಯದು ಜೀನ್ಸ್.

ಪಾಸಾದವುಗಳಲ್ಲಿ ನಾಲ್ಕೈದು ದಿನಕ್ಕೆ ಇಷ್ಟು ಸಾಕು:

- ಈಜುಡುಗೆ 2. ಒಂದು ಮೈ ಮೇಲೆ, ಒಂದು ಹಗ್ಗದ ಮೇಲೆ. ಒಂದೇ ಒಯ್ದವರು ಬೆಳಿಗ್ಗೆ ತಣ್ಣಗಿನ ಒದ್ದೆ ಚಡ್ಡಿ ಏರಿಸುತ್ತಾ ಶಪಿಸುತ್ತಾರೆ.
- ತುಂಬು ತೋಳಿನ ರ‍್ಯಾಶ್ ಗಾರ್ಡ್ 1.
- ತೆಳು, ಸಡಿಲ ಟೀ ಶರ್ಟ್ ಅಥವಾ ಟಾಪ್ 3.
- ಮೊಣಕಾಲಿನವರೆಗಿನ ಚಡ್ಡಿ ಅಥವಾ ಸ್ಕರ್ಟ್ 2.
- ತೆಳು ಪೂರ್ತಿ ಪ್ಯಾಂಟ್ 1, ಗುಂಡಿಯ ತುಂಬುತೋಳಿನ ಶರ್ಟ್ 1. ಸಂಜೆಯ ಸೊಳ್ಳೆಗೆ, ಮಧ್ಯಾಹ್ನದ ಬಿಸಿಲಿಗೆ, ಮೈ ಮುಚ್ಚಿಕೊಂಡು ಹೋಗಬೇಕಾದ ಜಾಗಕ್ಕೆ ಮೂರಕ್ಕೂ ಇದೇ.
- ಒಳ ಉಡುಪು 4 ಜೊತೆ.
- ಹಗುರ ಮಳೆ ಕೋಟು 1. ವೇಗದ ದೋಣಿಯಲ್ಲಿ ಗಾಳಿ, ತುಂತುರು ತಡೆಯುವುದೂ ಇದೇ.
- ಪಂಚೆ ಅಳತೆಯ ತೆಳು ಬಟ್ಟೆ 1.

ಈ ಕೊನೆಯದನ್ನು ಬಿಡಬೇಡಿ. ಹಾಸಲು, ಹೊದೆಯಲು, ಬಟ್ಟೆ ಬದಲಿಸುವಾಗ ಮರೆಗೆ, ಹೆಗಲ ಬಿಸಿಲಿಗೆ, ಟವೆಲ್ ಒದ್ದೆಯಾಗಿದ್ದರೆ ಮೈ ಒರೆಸಲು, ಎಲ್ಲಕ್ಕೂ ಒದಗುತ್ತದೆ.

ಈಜುಡುಗೆ ಇಷ್ಟವಿಲ್ಲದವರು ಕಾಟನ್ ಲೆಗಿಂಗ್ಸ್, ಸಡಿಲ ಕಾಟನ್ ಟಾಪ್ ಹಾಕಿ ನೀರಿಗಿಳಿಯುವುದು ಸಾಮಾನ್ಯ. ಇದು ಸುರಕ್ಷಿತವಲ್ಲ. ಕಾಟನ್ ನೀರು ಕುಡಿದು ಭಾರವಾಗುತ್ತದೆ, ಸಡಿಲ ಬಟ್ಟೆ ಕೈಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ಮುಚ್ಚುವುದೇ ಬೇಕಾದರೆ ರ‍್ಯಾಶ್ ಗಾರ್ಡ್ ಜೊತೆ ಅದೇ ಥರದ ಬಟ್ಟೆಯ ಲೆಗಿಂಗ್ಸ್ ಹಾಕಿ. ಅಷ್ಟೇ ಮುಚ್ಚುತ್ತದೆ, ಭಾರವೂ ಇಲ್ಲ, ಜೆಲ್ಲಿ ಮೀನು ತಾಗುವ ಸಾಧ್ಯತೆಯೂ ಕಡಿಮೆ.

ಮಕ್ಕಳ ಈಜುಡುಗೆಯ ಬಣ್ಣ ಎದ್ದು ಕಾಣುವ ಕಿತ್ತಳೆಯೋ ಗುಲಾಬಿಯೋ ಆಗಿರಲಿ. ನೀಲಿ, ಬಿಳಿ, ಬೂದು ಬಣ್ಣ ನೀರಿನೊಳಗೆ ಕಾಣುವುದೇ ಇಲ್ಲ. ಅಂಗಡಿಯಲ್ಲಿ ಸಮುದ್ರದ ಚಿತ್ರವಿರುವ ನೀಲಿ ಚಡ್ಡಿಗಳೇ ರಾಶಿ ಬಿದ್ದಿರುತ್ತವೆ, ಯಾಕೋ ಗೊತ್ತಿಲ್ಲ. ಗಾಳಿ ತುಂಬುವ ತೋಳಿನ ಬಲೂನು ಲೈಫ್ ಜಾಕೆಟ್‌ಗೆ ಬದಲಿಯಲ್ಲ.

ತೊಡೆ ಉಜ್ಜಿ ಉರಿಯುವವರು ಉದ್ದ ಕಾಲಿನ ಒಳಚಡ್ಡಿ ಅಥವಾ ಸಣ್ಣ ಡಬ್ಬಿ ವ್ಯಾಸಲಿನ್ ಇಟ್ಟುಕೊಳ್ಳಿ. ಎರಡನೇ ದಿನ ಕಾಲಗಲಿಸಿ ನಡೆಯುವವರನ್ನು ಬೀಚಿನಲ್ಲಿ ನೋಡಿದ್ದರೆ ಯಾಕೆಂದು ಹೇಳಬೇಕಿಲ್ಲ.

ಬಿಟ್ಟು ಹೋಗಬೇಕಾದ್ದು: ಜೀನ್ಸ್, ದಪ್ಪ ಟವೆಲ್, ಹೇರ್ ಡ್ರೈಯರ್, ಬೆಲೆಬಾಳುವ ಒಡವೆ. ತಣ್ಣನೆಯ ನೀರಿನಲ್ಲಿ ಬೆರಳು ಸಣ್ಣದಾಗುತ್ತದೆ, ಸನ್‌ಸ್ಕ್ರೀನ್ ಜಾರಿಸುತ್ತದೆ, ಉಂಗುರ ಸಲೀಸಾಗಿ ಕಳಚಿಕೊಳ್ಳುತ್ತದೆ.

## ಹಂತ 7: ಬ್ಯಾಗಿನೊಳಗೆ ಇಡುವ ಕ್ರಮ

ದೊಡ್ಡ ಬ್ಯಾಗಿನ ತಳಕ್ಕೆ ರಾತ್ರಿಯವರೆಗೂ ಬೇಡದ ಪ್ಯಾಂಟ್, ಶರ್ಟ್. ಭಾರದ ಸಾಮಾನು ಬೆನ್ನಿಗೆ ತಾಗುವ ಕಡೆ. ಬಟ್ಟೆ ಮಡಚುವ ಬದಲು ಸುರುಳಿ ಸುತ್ತಿ ದೊಡ್ಡ ಜಿಪ್ ಕವರಿಗೆ ಹಾಕಿ, ಗಾಳಿ ಹೊರದೂಡಿ ಮುಚ್ಚಿ. ಬ್ಯಾಗಿನ ಮೇಲೆ ಅಲೆ ಹೊಡೆದರೂ ಒಳಗೆ ಒಣಗಿರುತ್ತದೆ. ದ್ರವದ ಬಾಟಲಿಗಳಿಗೆ ಪ್ರತ್ಯೇಕ ಕವರ್. ತೀರ ಮೇಲೆ ಈಜುಡುಗೆ, ಪಂಚೆ ಬಟ್ಟೆ, ಮಳೆ ಕೋಟು. ರೂಮು ಸಿಗುವುದು ಮಧ್ಯಾಹ್ನ, ನೀವು ತಲುಪುವುದು ಬೆಳಿಗ್ಗೆ ಆದರೆ ಇಡೀ ಬ್ಯಾಗ್ ಬಿಚ್ಚದೆ ನೀರಿಗಿಳಿಯಬಹುದು.

ಡ್ರೈ ಬ್ಯಾಗಿಗೆ ಪಾಸ್‌ಪೋರ್ಟ್ ಅಥವಾ ಗುರುತಿನ ಚೀಟಿ, ಹಣ, ಔಷಧಿ, ಪವರ್ ಬ್ಯಾಂಕ್, ಫೋನ್. ಬಾಯಿಯನ್ನು ಕನಿಷ್ಠ ಮೂರು ಸುತ್ತು ಬಿಗಿಯಾಗಿ ಸುತ್ತಿ ಕ್ಲಿಪ್ ಹಾಕಬೇಕು. ಒಂದೇ ಸುತ್ತು ಸುತ್ತಿ ನೀರು ಹೋಯಿತೆಂದು ಬ್ಯಾಗನ್ನು ಬೈಯುವವರು ಬಹಳ. ಹೊಸತಾಗಿದ್ದರೆ ಒಳಗೆ ಕಾಗದದ ಚೂರು ಹಾಕಿ ಬಕೆಟ್ಟಿನಲ್ಲಿ ಒಂದೆರಡು ನಿಮಿಷ ಒತ್ತಿ ಹಿಡಿದು ನೋಡಿ.

ನೀರು ತಡೆಯುವ ಫೋನ್ ಎಂದು ಸಮುದ್ರಕ್ಕಿಳಿಸಬೇಡಿ. ಫೋನ್ ನೀರು ತಡೆಯುತ್ತದೆಯೇ ಎಂಬ ಕಂಪನಿಯ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರು ತಾಗಿದ್ದರೆ ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗುವವರೆಗೆ ಚಾರ್ಜಿಗೆ ಹಾಕಬೇಡಿ.

## ಹಂತ 8: ಅಲ್ಲಿ ದಿನಾ ಮಾಡಬೇಕಾದದ್ದು

ಪ್ರಯಾಣದ ದಿನ ಮೈ ಮೇಲೆ ಪೂರ್ತಿ ಪ್ಯಾಂಟ್, ತುಂಬುತೋಳಿನ ಶರ್ಟ್ ಇರಲಿ. ವಿಮಾನದ ಚಳಿಗೂ ದೋಣಿಯ ಬಿಸಿಲಿಗೂ ಆಗುತ್ತದೆ, ಬ್ಯಾಗಿನ ಜಾಗವೂ ಉಳಿಯುತ್ತದೆ. ಪ್ಯಾಂಟಿನ ಕಾಲು ಮೊಣಕಾಲಿನ ಮೇಲಕ್ಕೆ ಮಡಚಲು ಬರಬೇಕು. ಕಾಲಿಗೆ ಪಟ್ಟಿಯ ಸ್ಯಾಂಡಲ್.

ಈಜುವುದು ಬೆಳಿಗ್ಗೆ ಬೇಗ ಅಥವಾ ನಾಲ್ಕು ಗಂಟೆಯ ನಂತರ. ನಡುಮಧ್ಯಾಹ್ನ ನೆರಳು.

ನೀರಿನಿಂದ ಬಂದ ಕೂಡಲೇ ಈಜುಡುಗೆಯನ್ನು ಸಿಹಿನೀರಿನಲ್ಲಿ ಜಾಲಾಡಿಸಿ. ಇದನ್ನು ಬಿಟ್ಟವರೇ ‘ಬಟ್ಟೆ ಒಣಗಲೇ ಇಲ್ಲ’ ಎನ್ನುವುದು. ಬಟ್ಟೆಯಲ್ಲಿ ಉಳಿದ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಗಲು ಒಣಗಿದಂತೆ ಕಂಡ ಚಡ್ಡಿ ರಾತ್ರಿ ಮತ್ತೆ ಜಿಗುಟಾಗುತ್ತದೆ. ಜಾಲಾಡಿಸಿ, ಒಣ ಟವೆಲಿನಲ್ಲಿ ಸುತ್ತಿ, ಅದರ ಮೇಲೆ ಮೊಣಕಾಲೂರಿ ಒತ್ತಿ. ಕೈಯಲ್ಲಿ ಹಿಂಡಿದ್ದಕ್ಕಿಂತ ಹೆಚ್ಚು ನೀರು ಟವೆಲಿಗೆ ಹೋಗುತ್ತದೆ. ಆಮೇಲೆ ಗಾಳಿ ಆಡುವ ನೆರಳಿನಲ್ಲಿ ಹಗ್ಗಕ್ಕೆ ಹಾಕಿ. ಸಿಹಿನೀರು ಸಣ್ಣ ದ್ವೀಪಗಳಲ್ಲಿ ಕಡಿಮೆ, ಅರ್ಧ ಬಕೆಟ್ಟಿನಲ್ಲಿ ಎಲ್ಲರ ಬಟ್ಟೆಯನ್ನೂ ಅದ್ದಿ ತೆಗೆಯಬಹುದು.

ಒದ್ದೆ ಬಟ್ಟೆಯಲ್ಲಿ ಗಂಟೆಗಟ್ಟಲೆ ಕೂರಬೇಡಿ. ತೊಡೆಸಂದಿಯಲ್ಲಿ ತುರಿಕೆ, ಕೆಂಪು ಗುಳ್ಳೆ ಕಂಡರೆ ಒಣ, ಸಡಿಲ ಬಟ್ಟೆಗೆ ಬದಲಿಸಿ.

## ಹಂತ 9: ವಾಪಸ್ ಬರುವಾಗ

ಕೊನೆಯ ಈಜು ಹೊರಡುವ ಹಿಂದಿನ ದಿನ ಮಧ್ಯಾಹ್ನಕ್ಕೆ ಮುಗಿದರೆ ಬಟ್ಟೆ ಒಣಗಿಯೇ ಬರುತ್ತದೆ. ಬೆಳಿಗ್ಗೆಯೂ ಮುಳುಗಿ ಏಳದೆ ಇರಲಾಗದವರು ಒದ್ದೆ ಬಟ್ಟೆಯನ್ನು ಜಾಲಾಡಿಸಿ ಡ್ರೈ ಬ್ಯಾಗಿಗೆ ಹಾಕಿ. ಆಗ ಪಾಸ್‌ಪೋರ್ಟ್, ಫೋನ್ ಬೇರೆ ಜಿಪ್ ಕವರಿಗೆ ಹೋಗಬೇಕು, ನೆನಪಿರಲಿ. ಮನೆಗೆ ಬಂದ ರಾತ್ರಿಯೇ ಬಿಚ್ಚಿ ಹರವಿ, ಮರುದಿನಕ್ಕೆ ಬಿಟ್ಟರೆ ಮುಗ್ಗಲು ವಾಸನೆ ಹಿಡಿಯುತ್ತದೆ.

ಮಕ್ಕಳ ಜೇಬು, ಬ್ಯಾಗಿನ ಹೊರಜೇಬು ತಡಕಿ ನೋಡಿ. ಹವಳದ ಚೂರು, ಕೆಲವು ಬಗೆಯ ಚಿಪ್ಪುಗಳನ್ನು ಗಡಿ ದಾಟಿಸಲು ಪರವಾನಗಿ ಬೇಕು. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಮರಳು ತುಂಬಿಕೊಂಡು ಹೋಗುವುದಕ್ಕೂ ದಂಡವಿದೆ. 2017ರ ಕಾನೂನಿನ ಪ್ರಕಾರ 500ರಿಂದ 3,000 ಯೂರೋ.

ಮನೆಯಲ್ಲಿ ಬ್ಯಾಗಿನ ಜಿಪ್, ಸ್ಯಾಂಡಲಿನ ಬಕಲ್, ಕನ್ನಡಕದ ತಿರುಪುಗಳನ್ನು ಒಮ್ಮೆ ಸಿಹಿನೀರಿನಲ್ಲಿ ತೊಳೆದು ಒರೆಸಿ. ಉಪ್ಪು ಹಿಡಿದ ಜಿಪ್ ಮೂರು ತಿಂಗಳ ನಂತರ ಮುಂದಿನ ಪ್ರವಾಸದ ಹಿಂದಿನ ರಾತ್ರಿಯೇ ಕಚ್ಚಿಕೊಳ್ಳುತ್ತದೆ. ಉಳಿದ ಸನ್‌ಸ್ಕ್ರೀನಿನ ಅವಧಿ ದಿನಾಂಕ ನೋಡಿ ಎತ್ತಿಡಿ. ಬಿಸಿಲಿನ ಕಾರಿನಲ್ಲೋ ಮರಳಿನ ಮೇಲೋ ದಿನಗಟ್ಟಲೆ ಕಾದ ಟ್ಯೂಬ್ ಆಗಿದ್ದರೆ, ಹಿಚುಕಿದಾಗ ನೀರು ಬೇರೆ ಕ್ರೀಮ್ ಬೇರೆ ಬರುತ್ತಿದ್ದರೆ, ಎಸೆದುಬಿಡಿ.